ಹೂಂರಾಯನ ಅಧ್ಯಕ್ಷಗಿರಿ

ಬೀಗದ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಅವನನ್ನು ಎಲ್ಲರೂ ಹೂಂರಾಯ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವ ಗುಮಾಸ್ತನಿಗೆ ಮಾತ್ರ ಗೊತ್ತಿತ್ತು. ಬೀಗ ಸರಿಯಾಗಿ ಹೊಳೆದಿಲ್ಲ ಎಂದರೆ ಅವನು ಹೂಂ ಎನ್ನುತ್ತಿದ್ದ. ಚೆನ್ನಾಗಿ ಹೊಳೆದಿದೆ ಎಂದರೂ ಹೂಂ. ಆ ಹೂಂಕಾರದಲ್ಲಿ ಒಪ್ಪಿಗೆ ಎಷ್ಟು, ಬರೀ ಕೇಳಿಸಿತು ಎಂಬ ಸೂಚನೆ ಎಷ್ಟು ಎಂದು ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿತ್ತಾಳೆಯ ಬೀಗಗಳನ್ನು ಒತ್ತಿ ಹಿಡಿಯುವುದು ಅವನ ಕೆಲಸ. ಚಕ್ರ ಬೀಗದ ಮೈಯಿಂದ ಕೆರೆದು ತೆಗೆದದ್ದೆಲ್ಲ ಗಾಳಿಗೆ ಹೋಗುತ್ತಿತ್ತು, ಗಾಳಿಯಿಂದ ಪಾಲಿಶ್‌ನವರ ಹುಬ್ಬು, ಕೂದಲು, ಮೂಗಿನ ಹೊಳ್ಳೆಗೆ. ಸಂಜೆ ಗೇಟು ದಾಟುವಾಗ ಯಾರು ಯಾವ ವಿಭಾಗದವರು ಎಂದು ಕೇಳಬೇಕಾಗಿರಲಿಲ್ಲ. ಪಾಲಿಶ್‌ನವರು ಇಳಿಬಿಸಿಲಿಗೆ ಮಿನುಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದು ಅವನ ಹೆಂಡತಿಗೆ ಚೆಂದ ಕಂಡಿತ್ತು. ದಿಂಬಿನ ಚೀಲ ಒಗೆಯಲು ಶುರು ಮಾಡಿದ ಮೇಲೆ ಚೆಂದ ಕಾಣುವುದು ನಿಂತಿತು.

ಕಾರ್ಖಾನೆಯಲ್ಲಿ ಒಂದು ಸಂಘವಿತ್ತು. ಸಂಘಕ್ಕೆ ಸೈಕಲ್ ಸ್ಟ್ಯಾಂಡಿನ ಪಕ್ಕ ಒಂದು ಕೋಣೆ, ಕಾಲು ಅಲುಗಾಡುವ ಒಂದು ಬೆಂಚು, ಮತ್ತು ಒಬ್ಬ ಅಧ್ಯಕ್ಷ. ಅಧ್ಯಕ್ಷನಾದವನು ಮೊದಲ ವರ್ಷ ಗೇಟಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ. ಎರಡನೆಯ ವರ್ಷ ಮ್ಯಾನೇಜರರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಮೂರನೆಯ ವರ್ಷ ಸೂಪರ್‌ವೈಸರ್ ಆಗಿ ಗಾಜಿನ ಕ್ಯಾಬಿನ್ನಿನೊಳಗೆ ಹೋಗಿ ಕೂರುತ್ತಿದ್ದ. ಕಾರ್ಖಾನೆಯ ಸೂಪರ್‌ವೈಸರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಂಘದ ಇತಿಹಾಸ ತಾನಾಗಿಯೇ ತಿಳಿಯುತ್ತಿತ್ತು. ಆ ಸಾಲಿನಲ್ಲಿ ಹೂಂರಾಯನ ಹೆಂಡತಿಯ ಅಣ್ಣನೂ ಇದ್ದರು. ಒಂದು ಕಾಲಕ್ಕೆ ಮೇಜು ಗುದ್ದಿ ಗುದ್ದಿ ಕೈ ಊದಿಸಿಕೊಂಡಿದ್ದ ಈ ಭಾವ ಈಗ ಕಕ್ಕಸಿಗೆ ಹೋದವರು ಎಷ್ಟು ಹೊತ್ತಿಗೆ ವಾಪಸು ಬಂದರು ಎಂದು ಕೈಗಡಿಯಾರ ನೋಡುತ್ತಿದ್ದರು.

ಹಿಂದಿನ ಅಧ್ಯಕ್ಷನೂ ಕ್ಯಾಬಿನ್ ಸೇರಿದ ಮೇಲೆ ಹೊಸಬನನ್ನು ಆರಿಸಲು ಸಭೆ ಸೇರಿತು. ಆ ದಿನ ಹೂಂರಾಯ ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಮರುದಿನ ಊದಿದ ಕೆನ್ನೆ ಹೊತ್ತು ಕೆಲಸಕ್ಕೆ ಬಂದಾಗ ಪಕ್ಕದ ಚಕ್ರದ ತಾತ ಅವನ ಬೆನ್ನು ತಟ್ಟಿದ. ತಾತ ಆ ವಿಭಾಗದಲ್ಲಿ ಎಲ್ಲರಿಗಿಂತ ಹಳಬ; ಕೆಮ್ಮಿನ ಸದ್ದಿನಿಂದಲೇ ಅವನು ಎಲ್ಲಿದ್ದಾನೆಂದು ತಿಳಿಯುತ್ತಿತ್ತು.

"ಬನ್ನಿ ಬನ್ನಿ ಅಧ್ಯಕ್ಷ್ರೇ" ಎಂದ ತಾತ. "ನಿನ್ನೆ ಎಲ್ಲರೂ ಸೇರಿ ನಿನ್ನನ್ನೇ ಆರಿಸಿದ್ವಿ. ಒಪ್ಪಿಗೆ ತಾನೆ?"

ಹತ್ತಿ ತುರುಕಿದ್ದ ಬಾಯಿಂದ ಹೂಂರಾಯ "ಉಹೂಂ" ಎಂದ. ಇಷ್ಟು ವರ್ಷದ ಅಭ್ಯಾಸದಿಂದ ಅದು ಎಲ್ಲರಿಗೂ "ಹೂಂ" ಎಂದೇ ಕೇಳಿಸಿತು. ಚಪ್ಪಾಳೆ ಬಿತ್ತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯ ಅರ್ಧ ಜನರ ಬಟ್ಟೆ ಸಡಿಲ ಮಾಡುವುದು, ಬಿಗಿ ಮಾಡುವುದು ಅವಳ ಕೆಲಸ. ಸುದ್ದಿ ಕೇಳಿ ತುಳಿಯುವುದನ್ನು ನಿಲ್ಲಿಸಿದಳು.

"ರೀ, ನಿಜಾನಾ? ಹಾಗಾದ್ರೆ ನೀವೂ ಸೂಪರ್‌ವೈಸರ್ ಆಗ್ತೀರಾ?"

ಹೂಂರಾಯ ಅಷ್ಟು ದೂರ ಯೋಚಿಸಿರಲಿಲ್ಲ. ಈಗ ಯೋಚಿಸಿದ. ನಿಂತು ನಿಂತು ಅವನ ಮಂಡಿ ಸವೆದಿತ್ತು. ಸೂಪರ್‌ವೈಸರಿಗೆ ಕೈಗಳಿರುವ ಕುರ್ಚಿ ಕೊಡುತ್ತಾರೆ.

"ನಮ್ಮಣ್ಣ ಮೂರನೇ ವರ್ಷಕ್ಕೆ ಆದ. ನೀವು ಸ್ವಲ್ಪ ನಿಧಾನ. ನಾಲ್ಕು ಅಂತ ಇಟ್ಕೊಳ್ಳೋಣ" ಎಂದು ಹೆಂಡತಿ ಮತ್ತೆ ಯಂತ್ರ ತುಳಿದಳು.

ಒಂದು ವರ್ಷ ಕಳೆಯಿತು. ಹೂಂರಾಯ ಗೇಟಿನ ಮುಂದೆ ಕೂಗಲಿಲ್ಲ. ಅವನ ಪಾಡಿಗೆ ಅವನು ಬೀಗ ಹೊಳೆಯಿಸುತ್ತಿದ್ದ. ಯಾರಾದರೂ ದೂರು ತಂದರೆ ಕೇಳಿಸಿಕೊಳ್ಳುತ್ತಿದ್ದ. ಮ್ಯಾನೇಜರರಿಗೆ ಹೊಸ ಅಧ್ಯಕ್ಷ ಯಾರೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಚಹಾಕ್ಕೆ ಕರೆ ಬರಲಿಲ್ಲ. ಹೆಂಡತಿ ಮುಖ ಸಪ್ಪಗೆ ಮಾಡಿ ಅಣ್ಣನನ್ನು ಕರೆಸಿದಳು.

ಭಾವ ಬಂದು ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತರು. "ನೋಡು, ನೀನು ಹೀಗೆ ತೆಪ್ಪಗೆ ಕೂತ್ರೆ ನಿನಗೆ ಯಾಕೆ ಕುರ್ಚಿ ಕೊಡ್ತಾರೆ? ಮೊದಲು ಗಲಾಟೆ ಮಾಡ್ಬೇಕು. ಅವರಿಗೆ ನಿದ್ದೆ ಕೆಡ್ಬೇಕು. ಆಮೇಲೆ ತಾವಾಗೇ ಕರೀತಾರೆ."

"ಏನಂತ ಗಲಾಟೆ ಮಾಡ್ಲಿ ಭಾವ?"

"ಕೊಡೋಕಾಗ್ದೇ ಇರೋದನ್ನ ಕೇಳು. ಪಾಲಿಶ್‌ಗೆ ಧೂಳು ಎಳೆಯೋ ಫ್ಯಾನ್ ಕೇಳು. ಗೋಡೆ ಒಡೀಬೇಕು, ಕೊಳವೆ ಹಾಕ್ಬೇಕು. ಸತ್ರೂ ಕೊಡಲ್ಲ. ನಾನು ಅಧ್ಯಕ್ಷ ಆಗಿದ್ದಾಗ ಅದನ್ನೇ ಕೇಳಿದ್ದು."

"ಹೂಂ" ಎಂದ ಹೂಂರಾಯ.

ಮರುದಿನ ಊಟದ ಬಿಡುವಿನಲ್ಲಿ ಅವನು ಮ್ಯಾನೇಜರರ ಕೋಣೆಗೆ ಹೋದ. ಭಾಷಣ ಅವನಿಗೆ ಬರುತ್ತಿರಲಿಲ್ಲ. "ಸಾರ್, ಫ್ಯಾನು" ಎಂದ. ಮ್ಯಾನೇಜರ್ ತಲೆ ಎತ್ತಿ, "ಯಾವ ಫ್ಯಾನು? ಯಾರು ನೀನು?" ಎಂದರು. ಅವನು ಎರಡಕ್ಕೂ ಉತ್ತರ ಕೊಟ್ಟ. "ಆಗಲ್ಲ, ಹೋಗು" ಎಂದರು. ಹೂಂ ಎಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಬಿಡುವು ಮುಗಿದ ಗಂಟೆ ಹೊಡೆದಾಗ ಎದ್ದು ಹೋದ. ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ಬೈದರೆ ಹೂಂ, ಸಮಾಧಾನ ಹೇಳಿದರೆ ಹೂಂ. ಎದುರು ಮಾತಾಡುವ ಅಧ್ಯಕ್ಷರನ್ನು ಹೇಗೆ ಮಣಿಸಬೇಕೆಂದು ಮ್ಯಾನೇಜರರಿಗೆ ಚೆನ್ನಾಗಿ ತಿಳಿದಿತ್ತು. ಮಾತೇ ಆಡದವನಿಗೆ ಏನು ಮಾಡುವುದೆಂದು ಯಾರೂ ಕಲಿಸಿರಲಿಲ್ಲ. ಸ್ಟೂಲನ್ನು ತೆಗೆಸಿದರು. ಹೂಂರಾಯ ನಿಂತ. ಅವನು ನಿಂತದ್ದು ಕೂತದ್ದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುತ್ತಿತ್ತು; ಸ್ಟೂಲನ್ನು ವಾಪಸು ಇಡಿಸಿದರು.

ಇದು ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ತಾತ ಚಕ್ರದ ಮುಂದೆಯೇ ಕುಸಿದು ಕೂತ. ಕೆಮ್ಮು ನಿಲ್ಲಲಿಲ್ಲ. ಹೂಂರಾಯನೇ ಅವನನ್ನು ಆಸ್ಪತ್ರೆಗೆ ಸೇರಿಸಿದ. ಸಂಜೆ ನೋಡಲು ಹೋದಾಗ ತಾತ ದಿಂಬಿಗೆ ಒರಗಿ ಕೂತಿದ್ದ. ಎಷ್ಟು ಒರೆಸಿದರೂ ಕಿವಿಯ ಮಡಿಕೆಯಲ್ಲಿ ಹಿತ್ತಾಳೆ ಮಿನುಗುತ್ತಿತ್ತು.

"ಡಾಕ್ಟರು ಏನಂದ್ರು?"

"ಬೇರೆ ಕಡೆ ಕೆಲಸ ಮಾಡು ಅಂದ್ರು. ಈ ವಯಸ್ಸಲ್ಲಿ ಬೇರೆ ಕಡೆ ಅಂದ್ರೆ ಒಂದೇ ಕಡೆ" ಎಂದು ತಾತ ನಕ್ಕ. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, "ನಿನ್ನ ಹೆಸರು ಹೇಳಿದ್ದು ನಾನೇ, ಗೊತ್ತಾ?" ಎಂದ.

"ಯಾಕೆ ತಾತ?"

"ಎಲ್ಲರನ್ನೂ ಕೊಂಡ್ಕೊಂಡುಬಿಟ್ರಲ್ಲ ಮಗಾ. ನಿನ್ನನ್ನಾದ್ರೆ ಯಾರೂ ಕೊಂಡ್ಕೊಳ್ಳಲ್ಲ ಅನ್ನೋ ಧೈರ್ಯ."

"ನಾನು ಅಷ್ಟು ಒಳ್ಳೆಯವನಾ?"

"ಅದಕ್ಕಲ್ಲ. ನಿನಗೆ ಯಾರು ಕಾಸು ಕೊಡ್ತಾರೆ ಅಂತ. ಬೇಜಾರು ಮಾಡ್ಕೋಬೇಡ."

ಇದಕ್ಕೆ ಹೆಮ್ಮೆಪಡಬೇಕೋ ನೊಂದುಕೊಳ್ಳಬೇಕೋ ಹೂಂರಾಯನಿಗೆ ಅಲ್ಲಿ ತಿಳಿಯಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಯೋಚಿಸಿ, ನೊಂದುಕೊಳ್ಳುವುದೆಂದು ತೀರ್ಮಾನಿಸಿದ. ಆದರೆ ನಿದ್ದೆ ಹತ್ತುವ ಮೊದಲು ಕಣ್ಣಿಗೆ ಕಟ್ಟಿದ್ದು ತಾತನ ಮಾತಲ್ಲ, ತಾತನ ಕಿವಿ.

ಮರುದಿನ ಅವನು ಮ್ಯಾನೇಜರರ ಕೋಣೆಗೆ ಹೋಗಲಿಲ್ಲ. ತನ್ನ ಚಕ್ರದ ಗುಂಡಿ ಒತ್ತಿ ನಿಲ್ಲಿಸಿದ. ತಾತನ ಚಕ್ರ ಆಗಲೇ ನಿಂತಿತ್ತು. ಆಚೆಯವನು ಇವನ ಮುಖ ನೋಡಿ ತನ್ನದನ್ನೂ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಇಡೀ ವಿಭಾಗದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರೂ ಕೇಳುವಷ್ಟು ನಿಶ್ಶಬ್ದವಾಯಿತು. ಹೊಳಪಿಲ್ಲದ ಬೀಗ ಮುಂದಕ್ಕೆ ಹೋಗುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇರೆ ವಿಭಾಗಗಳೂ ಕೈಕಟ್ಟಿ ಕೂತವು. ಕೀಲಿಕೈ ಕೊರೆಯುವ ಕೀಲಿಯಕ್ಕ ಬಂದು, "ಅಂತೂ ನಿಮ್ಮ ಬಾಯಿ ತೆರೀತು ಅನ್ನಿ" ಎಂದಳು. ಅವನು ಬಾಯಿ ತೆರೆದೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಅದು ಕಾರ್ಖಾನೆಯದೇ ಅತಿ ದೊಡ್ಡ ಮಾದರಿಯ ಬೀಗ. ಹೂಂರಾಯ ಹತ್ತಿರ ಹೋಗಿ ನೋಡಿದ. ಅದರ ಮೈ ಹೊಳೆಯಿಸಿದ್ದು ತಾನೇ ಎಂದು ಗುರುತು ಸಿಕ್ಕಿತು. ಕೀಲಿಯಕ್ಕ ತಲೆಯಿಂದ ಪಿನ್ನು ತೆಗೆದಳು.

"ಅಧ್ಯಕ್ಷ್ರೇ, ಹೂಂ ಅನ್ನಿ. ಕಣ್ಣು ಮಿಟುಕಿಸೋದ್ರೊಳಗೆ ತೆಗೆದುಬಿಡ್ತೀನಿ."

ಈ ಸಲವೂ ಹೂಂ ಎನ್ನಲಿ ಎಂದು ಎಲ್ಲರೂ ಕಾದರು.

"ಬೇಡ ಅಕ್ಕ. ಹಾಕಿದವರೇ ತೆಗೀಲಿ" ಎಂದ ಹೂಂರಾಯ.

ಇಡೀ ಹೋರಾಟದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಬೇರೆ ಯಾವುದೂ ಸಿಗದ್ದರಿಂದ ಅದನ್ನೇ ಘೋಷಣೆ ಮಾಡಿಕೊಂಡರು. "ಹಾಕಿದವರೇ ತೆಗೀಲಿ!" ಎಂದು ದಿನವಿಡೀ ಕೂಗಿದರು. ದಾರಿಹೋಕರಿಗೆ ಏನು ಹಾಕಿದ್ದು, ಏನು ತೆಗೆಯುವುದು ಎಂದು ಅರ್ಥವಾಗುತ್ತಿರಲಿಲ್ಲ. ಆದರೂ ನಿಂತು ಕೇಳುತ್ತಿದ್ದರು.

ವಾರಗಳು ಉರುಳಿದವು. ಹೆಂಡತಿ ಹೊಲಿಗೆ ಯಂತ್ರವನ್ನು ಬೆಳಕು ಹರಿಯುವ ಮೊದಲೇ ತುಳಿಯಲು ಕೂರುತ್ತಿದ್ದಳು. ಭಾವ ಸಂಜೆಯ ಹೊತ್ತು ಬಂದು ತಲೆ ಚಚ್ಚಿಕೊಳ್ಳುತ್ತಿದ್ದರು. "ನಾನು ಗಲಾಟೆ ಮಾಡು ಅಂದೆ, ಮನೆ ಮುಳುಗಿಸು ಅಂದ್ನಾ? ಗಲಾಟೆ ಅಂದ್ರೆ ಒಂದು ಅಳತೆ ಇರುತ್ತೆ ಮಾರಾಯ. ನಾಳೆ ಹೋಗಿ ಒಳ್ಳೆ ಮಾತಲ್ಲಿ ಮುಗಿಸು."

"ಹೂಂ ಭಾವ" ಎಂದು ಅವನು ಮರುದಿನ ಮತ್ತೆ ಗೇಟಿಗೆ ಹೋಗಿ ಕೂರುತ್ತಿದ್ದ.

"ಇವರು ಕೇಳ್ತಿರೋದು ಆ ಧೂಳಿನ ವಿಷಯ ತಾನೆ ಅಣ್ಣ?" ಎಂದು ಹೆಂಡತಿ ಒಂದು ದಿನ ಹೊಲಿಗೆಯಿಂದ ತಲೆ ಎತ್ತದೆ ಕೇಳಿದಳು. "ನೀನು ಪಾಲಿಶ್‌ನಲ್ಲಿರಲಿಲ್ಲ. ನೀನು ದಿಂಬು ಒಗೆದಿಲ್ಲ. ಸುಮ್ನಿರು."

ಕೊನೆಗೆ ದೂರದ ಗಿರಾಕಿಗಳು ಬೇರೆ ಕಾರ್ಖಾನೆಯ ಬೀಗ ಕೊಳ್ಳತೊಡಗಿದರೆಂದು ಮಾಲೀಕರಿಗೆ ಸುದ್ದಿ ಹೋಯಿತು. ಗೇಟಿನೆದುರಿನ ಚಹಾದಂಗಡಿಯ ಮೇಜಿನ ಮೇಲೆಯೇ ಒಪ್ಪಂದಕ್ಕೆ ಸಹಿ ಬಿತ್ತು: ಧೂಳು ಎಳೆಯುವ ಫ್ಯಾನು ಬರಬೇಕು, ಚಕ್ರ ತಿರುಗುವಷ್ಟು ಹೊತ್ತೂ ಅದು ತಿರುಗಬೇಕು. ಆಮೇಲೆ ಮ್ಯಾನೇಜರ್ ಕೀಲಿಕೈ ಹಿಡಿದು ಗೇಟಿಗೆ ಹೋದರು. ಕೀಲಿಕೈ ಅರ್ಧ ತಿರುಗಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆ ಮಾದರಿಗೆ ಒಳಗೆ ಎಣ್ಣೆ ಸವರುವುದನ್ನು ಉಳಿತಾಯಕ್ಕೆಂದು ಹಿಂದಿನ ವರ್ಷವೇ ನಿಲ್ಲಿಸಲಾಗಿತ್ತು. ಇಬ್ಬನಿ ತನ್ನ ಕೆಲಸ ಮಾಡಿತ್ತು. ಮ್ಯಾನೇಜರರ ಹಣೆಯಲ್ಲಿ ಬೆವರೊಡೆಯಿತು. ಯಾರೂ ನಗಲಿಲ್ಲ. ನಗದೆ ಇರಲು ಕೆಲವರು ರಸ್ತೆಯ ಕಡೆ ತಿರುಗಿ ನಿಂತರು. ಕೊನೆಗೆ ಕೀಲಿಯಕ್ಕ ಸಿಕ್ಕಿಕೊಂಡ ಕೀಲಿಕೈಯನ್ನು ಹೊರಗೆಳೆದು, ತಲೆಯ ಪಿನ್ನು ತೆಗೆದು, ಕಿವಿಯನ್ನು ಬೀಗಕ್ಕೆ ಒತ್ತಿ, ಒಂದೆರಡು ಸಲ ಅಲುಗಿಸಿ ಬಿಚ್ಚಿ ಕೈಗೆ ಕೊಟ್ಟಳು.

"ಮಾಲು ಗಟ್ಟಿಯಾಗಿದೆ ಸಾರ್" ಎಂದಳು. "ಎಣ್ಣೆ ಕಮ್ಮಿ ಅಷ್ಟೆ."

ಫ್ಯಾನು ಬಂತು. ಗೋಡೆ ಒಡೆದು ಕೊಳವೆ ಹಾಕಿದರು. ಧೂಳೆಲ್ಲ ಕೊಳವೆ ಸೇರಿ, ಪಾಲಿಶ್‌ನವರು ಸಂಜೆ ಮಾಮೂಲಿ ಮನುಷ್ಯರ ಬಣ್ಣದಲ್ಲಿ ಮನೆಗೆ ಹೋಗತೊಡಗಿದರು.

ಅದಾಗಿ ಕೆಲವೇ ದಿನಕ್ಕೆ ಹೂಂರಾಯನಿಗೆ ಚಹಾಕ್ಕೆ ಕರೆ ಬಂತು. ಮ್ಯಾನೇಜರ್ ಮೊದಲ ಸಲ ಅವನಿಗೆ ಬಹುವಚನ ಹಚ್ಚಿದರು. "ನಿಮ್ಮಂಥ ಗಟ್ಟಿಗರು ಚಕ್ರದ ಮುಂದೆ ನಿಂತಿರೋದು ನಮಗೇ ನಷ್ಟ. ಪಾಲಿಶ್ ಸೂಪರ್‌ವೈಸರ್ ಜಾಗ ಖಾಲಿ ಇದೆ. ಏನಂತೀರಿ?"

ಹೂಂರಾಯ ತಾತನನ್ನು ನೆನೆದ. ತನ್ನನ್ನೂ ಕೊಳ್ಳುವವರಿದ್ದಾರೆ ಎಂದು ಆ ಮುದುಕನಿಗೆ ಒಮ್ಮೆ ತೋರಿಸಬೇಕೆಂಬ ಸಣ್ಣ ಆಸೆ ಹುಟ್ಟಿತು. ಮಂಡಿಯೂ ನೋಯುತ್ತಿತ್ತು. "ಹೂಂ" ಎಂದ. ಈ ಸಲ ಅದರಲ್ಲಿ ಒಪ್ಪಿಗೆ ಬಿಟ್ಟು ಬೇರೇನೂ ಇರಲಿಲ್ಲ.

ಹೆಂಡತಿ ಕುರ್ಚಿಗೆಂದು ಹೂವಿನ ಚಿತ್ತಾರದ ಮೆತ್ತೆ ಹೊಲಿದುಕೊಟ್ಟಳು. ಭಾವ ಅವನನ್ನು ತಬ್ಬಿಕೊಂಡರು. ಚಕ್ರದವರು ಯಾರೂ ಬೈಯಲಿಲ್ಲ. "ಒಳ್ಳೇದಾಗ್ಲಿ" ಎಂದರು, ಹಿಂದಿನವರಿಗೆಲ್ಲ ಹೇಳಿದ ಅದೇ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ತಾತ ಆಗ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಹೂಂರಾಯ ಹೋಗಿ ಸುದ್ದಿ ಹೇಳಿದ.

"ಒಳ್ಳೇದಾಯ್ತು ಬಿಡು, ಮಂಡಿಗೆ ಸ್ವಲ್ಪ ಆರಾಮು" ಎಂದ ತಾತ. ಬೆರಗೂ ಇಲ್ಲ, ಸಿಟ್ಟೂ ಇಲ್ಲ. "ಫ್ಯಾನು ತಿರುಗ್ತಾ ಇದೆ ತಾನೆ?"

"ಹೂಂ."

ಅಷ್ಟೇ ಮಾತು.

ಗಾಜಿನ ಕ್ಯಾಬಿನ್ನಿನಲ್ಲಿ ಮೊದಲ ಕೆಲವು ದಿನ ಹೂಂರಾಯನಿಗೆ ತನ್ನ ಕೈಗಳದ್ದೇ ಚಿಂತೆಯಾಯಿತು. ಕುರ್ಚಿಯ ಕೈಗಳ ಮೇಲೆ ಇಟ್ಟರೆ ಫೋಟೋ ತೆಗೆಸಿಕೊಳ್ಳಲು ಕೂತಂತಿರುತ್ತಿತ್ತು, ಮಡಿಲಲ್ಲಿ ಇಟ್ಟರೆ ಶಿಕ್ಷೆಗೆ ಕೂತಂತೆ. ಅವನು ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ಚಹಾ ಅವನೊಬ್ಬನಿಗೇ ಪಿಂಗಾಣಿ ಕಪ್ಪಿನಲ್ಲಿ ಬರುತ್ತಿತ್ತು. ಅದು ಬರುವಷ್ಟರಲ್ಲಿ ಆರಿರುತ್ತಿತ್ತು. ಬಿಳಿ ಅಂಗಿಗೆ ಮಾತ್ರ ಕಲೆಯಾಗುತ್ತಿರಲಿಲ್ಲ. ಅದಕ್ಕೆ ಕಾರಣ ಫ್ಯಾನು.

ತಿಂಗಳು ತುಂಬುವ ಮೊದಲೇ ಮ್ಯಾನೇಜರ್ ಕರೆದು, "ನೋಡ್ರೀ, ಆ ಫ್ಯಾನು ಕರೆಂಟು ಕುಡಿದು ಹಾಕ್ತಿದೆ. ಊಟ ಆದ್ಮೇಲೆ ಆಫ್ ಮಾಡಿಸಿಬಿಡಿ. ಯಾರೂ ಗಮನಿಸಲ್ಲ" ಎಂದರು.

"ಹೂಂ" ಎಂದ ಹೂಂರಾಯ. ಕ್ಯಾಬಿನ್ನಿಗೆ ವಾಪಸು ಬಂದು ಕೂತ. ಊಟವಾದ ಮೇಲೂ ಫ್ಯಾನು ತಿರುಗಿತು. ಮರುದಿನ ಮ್ಯಾನೇಜರ್ ಮತ್ತೆ ಹೇಳಿದರು. ಮತ್ತೆ ಹೂಂ ಎಂದ, ಮತ್ತೆ ತಿರುಗಿತು. ಹೀಗೇ ಕೆಲವು ದಿನ ನಡೆದ ಮೇಲೆ ಮ್ಯಾನೇಜರ್ ತಾವೇ ಪಾಲಿಶ್ ವಿಭಾಗಕ್ಕೆ ಇಳಿದು ಬಂದು ಗೋಡೆಯ ಸ್ವಿಚ್ಚು ಆರಿಸಿದರು. ಹೂಂರಾಯ ಕ್ಯಾಬಿನ್ನಿನಿಂದ ಎದ್ದು ಬಂದು ಹಾಕಿದ. ಅವರು ಆರಿಸಿದರು. ಇವನು ಹಾಕಿದ. ಚಕ್ರದವರೆಲ್ಲ ಕೈಯಲ್ಲಿದ್ದ ಬೀಗ ಹಾಗೇ ಹಿಡಿದು ನೋಡುತ್ತಿದ್ದರು.

"ನೀವು ಯಾರ ಕಡೆಯವರು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ!" ಎಂದರು ಮ್ಯಾನೇಜರ್, ಕಣ್ಣು ಕೆಂಪಗೆ ಮಾಡಿ.

ಹೂಂರಾಯ ನಿಜವಾಗಿಯೂ ಯೋಚಿಸಿದ. ಸುಲಭದ ಪ್ರಶ್ನೆಯಾಗಿರಲಿಲ್ಲ. ಕುರ್ಚಿ ಆ ಕಡೆ ಇತ್ತು, ಮೆತ್ತೆಯೂ.

"ಚಕ್ರ ತಿರುಗುವಷ್ಟು ಹೊತ್ತೂ ಫ್ಯಾನು ತಿರುಗ್ಬೇಕು ಅಂತ ನಾನೇ ಸಹಿ ಹಾಕಿದ್ದೀನಿ ಸಾರ್" ಎಂದ. "ಫ್ಯಾನು ನಿಲ್ಲಿಸ್ಬೇಕು ಅಂದ್ರೆ ಚಕ್ರ ನಿಲ್ಲಿಸ್ತೀನಿ."

"ಹಾಗಾದ್ರೆ ನೀನು ನಾಳೆಯಿಂದ ಚಕ್ರದ ಮುಂದೆನೇ ನಿಂತ್ಕೋ" ಎಂದರು ಮ್ಯಾನೇಜರ್. ಬಹುವಚನ ಅಲ್ಲಿಗೆ ಮುಗಿಯಿತು. ಹೋಗುವಾಗ ಅವರ ಕೈ ಸ್ವಿಚ್ಚಿನತ್ತ ಹೋಯಿತು. ಆದರೆ ಅಷ್ಟು ಜನ ಒಟ್ಟಿಗೆ ಅದೇ ಕೈಯನ್ನು ನೋಡುತ್ತಿದ್ದುದರಿಂದ ಮೂಗು ಉಜ್ಜಿಕೊಂಡು ಹೋದರು.

ಸೂಪರ್‌ವೈಸರ್ ಆದವನು ಕೆಳಗಿಳಿದದ್ದು ಕಾರ್ಖಾನೆಯಲ್ಲಿ ಅದೇ ಮೊದಲು. ಭಾವ ಬಂದು ಹಾರಾಡಿದರು. "ಎಲ್ಲ ಕೈಗೆ ತಂದುಕೊಟ್ಟೆ, ಒದ್ದು ಬಂದ್ಯಲ್ಲೋ!" ನೆರೆಮನೆಯವರಿಗೆಲ್ಲ ಹೆಂಡತಿ ಸುದ್ದಿ ಹೇಳಿಯಾಗಿತ್ತು. ಕಣ್ಣು ತುಂಬಿಕೊಂಡಿತು, ಸೆರಗಿನಿಂದ ಒರೆಸಿಕೊಂಡಳು.

"ಮೆತ್ತೆ ಎಲ್ಲಿ?" ಎಂದು ಕೇಳಿದಳು.

"ಕುರ್ಚಿ ಮೇಲೇ ಇದೆ."

"ನಾಳೆ ತಗೊಂಡ್ ಬನ್ನಿ. ನಾನು ಹೊಲಿದಿದ್ದು. ಅವರಪ್ಪನ ಆಸ್ತಿಯಲ್ಲ."

ಅವನು ತಂದ. ಅವಳು ಅದನ್ನು ಹೊಲಿಗೆ ಯಂತ್ರದ ಸ್ಟೂಲಿಗೆ ಹಾಕಿಕೊಂಡಳು.

ಸಂಘದ ಅಧ್ಯಕ್ಷಗಿರಿ ಖಾಲಿ ಬಿದ್ದಿದ್ದರಿಂದ ಸಭೆ ಸೇರಿತು. ಈ ಸಲ ಹೂಂರಾಯ ಬಂದಿದ್ದ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಯಾರೋ ಅವನ ಹೆಸರು ಹೇಳಿದರು. ಅಚ್ಚು ಒತ್ತುವ ವಿಭಾಗದ ಒಬ್ಬ ಎದ್ದು, "ಒಂದ್ಸಲ ಮಾರಿಹೋದವನು ಇನ್ನೊಂದ್ಸಲ ಹೋಗಲ್ಲ ಅಂತ ಏನು ಗ್ಯಾರಂಟಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಹಾಸಿಗೆಯಿಂದ ಎದ್ದು ಬಂದು, ಬೆಂಚಿನ ಮೇಲೆ ತನ್ನ ಹೆಂಡತಿಯ ತೋಳು ಹಿಡಿದು ಕೂತಿದ್ದ ತಾತ ಕೈ ಎತ್ತಿದ. ಅವನು ಮಾತಾಡಲು ಉಸಿರು ಕೂಡಿಸಿಕೊಳ್ಳುವವರೆಗೂ ಎಲ್ಲರೂ ಕಾದರು.

"ಅಂಗಡಿಯವನು ವಾಪಸ್ ಕಳಿಸಿದ ಮಾಲು ಅದು" ಎಂದ ತಾತ. "ಇನ್ನು ಯಾರು ಮುಟ್ತಾರೆ? ನೆಮ್ಮದಿಯಾಗಿ ಇಟ್ಕೊಳ್ಳಿ."

ಕೋಣೆ ಬಿದ್ದು ಬಿದ್ದು ನಕ್ಕಿತು. ಹೂಂರಾಯನಿಗೆ ಏನಾದರೂ ಹೇಳಬೇಕೆನ್ನಿಸಿತು. ಮುಂದೆ ಬಂದ.

"ಕುರ್ಚಿ ನನಗೆ ಬೇಕಿತ್ತು" ಎಂದ. "ಈಗಲೂ ಬೇಡ ಅಂತೇನಿಲ್ಲ. ಮಂಡಿ ನೋಯುತ್ತೆ. ಆದ್ರೆ ಅಲ್ಲಿ ಕೂತ್ರೆ ಇಲ್ಲಿ ಯಾರೂ ಮಾತಾಡ್ಸಲ್ಲ."

ಅವನಿಗೆ ಇನ್ನೂ ಹೇಳುವುದಿತ್ತೇನೋ. ಅಷ್ಟರಲ್ಲಿ ಕೈಗಳು ಮೇಲೆದ್ದವು.

ತಾತ ಆ ಬೇಸಿಗೆ ಕಳೆಯಲಿಲ್ಲ. ಫ್ಯಾನು ಅವನ ಪಾಲಿಗೆ ತಡವಾಗಿ ಬಂದಿತ್ತು. ಅವನ ಹೆಂಡತಿ, "ಕೊನೇ ದಿನದವರೆಗೂ ನಿಮ್ಮ ಫ್ಯಾನಿನ ಸುದ್ದಿನೇ ಕೇಳ್ತಿದ್ರು" ಎಂದಾಗ ಹೂಂರಾಯ ಹೊರಗೆ ಹೋಗಿ ಬೀದಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ಬಂದ. ಅಲ್ಲಿ ಅತ್ತನೋ ಇಲ್ಲವೋ ಯಾರೂ ನೋಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಚ್ಚು ಒತ್ತುವವರ ಬೆರಳು ಕಾಯುವ ಕಂಬಿ ಬಂತು, ಕುಡಿಯುವ ನೀರು ಬಂತು, ಕೀಲಿ ವಿಭಾಗದ ಹೆಂಗಸರಿಗೆ ಸ್ಟೂಲು ಬಂತು. ಒಂದೊಂದಕ್ಕೂ ಅವನು ಬಿಡುವಿನ ಹೊತ್ತಿನಲ್ಲಿ ಮ್ಯಾನೇಜರರ ಕೋಣೆಗೆ ಹೋಗಿ ಕೂತ. ಕೆಲವಕ್ಕೆ ವರ್ಷಗಟ್ಟಲೆ ಕೂತ, ಕೆಲವು ಸಿಗಲೇ ಇಲ್ಲ. ಮ್ಯಾನೇಜರರು ಬದಲಾದರು. ಹೊಸದಾಗಿ ಬಂದವರಿಗೆ ಹಳಬರು ಮೊದಲು ಹೇಳುತ್ತಿದ್ದ ಮಾತು, ಆ ಮನುಷ್ಯ ಹೂಂ ಎಂದರೆ ನಂಬಬೇಡಿ ಎಂಬುದು.

ಸಂಜೆಯ ಹೊತ್ತು ಜನ ಮನೆಗೇ ಬರತೊಡಗಿದರು. ಹೆಂಡತಿ ಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಯಾರ ವಿಷಯ ಅವಸರದ್ದು, ಯಾರದ್ದು ಬರೀ ಹೊಟ್ಟೆಕಿಚ್ಚು ಎಂದು ಸೋಸಿ ಒಳಗೆ ಬಿಡುತ್ತಿದ್ದಳು. ಒಂದು ಸಂಜೆ ಆ ಸಾಲಿನಲ್ಲಿ ಅವಳ ಅಣ್ಣನೂ ನಿಂತಿದ್ದರು. ಹಳೆಯ ಸೂಪರ್‌ವೈಸರುಗಳನ್ನು ತೆಗೆದು, ಕಂಪ್ಯೂಟರು ಗೊತ್ತಿರುವ ಹುಡುಗರನ್ನು ಹಾಕುವುದೆಂದು ಕಾರ್ಖಾನೆ ನಿರ್ಧರಿಸಿತ್ತು.

"ತಂಗೀ, ಸ್ವಲ್ಪ ಬೇಗ ಬಿಡೇ" ಎಂದರು ಭಾವ.

"ಇವರೆಲ್ಲ ನಿನಗಿಂತ ಮೊದಲು ಬಂದಿದ್ದಾರೆ ಅಣ್ಣ. ಕೂತ್ಕೋ."

ಸರದಿ ಬಂದಾಗ ಭಾವ ಹೂಂರಾಯನ ಎದುರು ಕೂತು ಎಲ್ಲ ಹೇಳಿಕೊಂಡರು. ಒಂದು ಮಾತು ಮೊದಲೇ ಹೇಳದೆ, ಕೇಳದೆ, ಇಷ್ಟು ವರ್ಷ ದುಡಿದವರನ್ನು ಹೀಗೆ ಬೀದಿಗೆ ತಳ್ಳುವುದು ಅನ್ಯಾಯವಲ್ಲವೇ ಎಂದರು.

"ಅನ್ಯಾಯ ಭಾವ. ನಿಮ್ಮವರನ್ನೆಲ್ಲ ಸೇರಿಸಿ. ನಾನೂ ಬರ್ತೀನಿ."

ಸೂಪರ್‌ವೈಸರುಗಳು ಸೇರಿದರು. ಎಲ್ಲರೂ ಮಾಜಿ ಅಧ್ಯಕ್ಷರೇ ಆದ್ದರಿಂದ ಎಲ್ಲರೂ ಭಾಷಣ ಮಾಡಿದರು. ಕೇಳಲು ಹೂಂರಾಯ ಒಬ್ಬನೇ ಇದ್ದ. ಮರುವಾರ ಅರ್ಧ ಜನ ಒಬ್ಬೊಬ್ಬರಾಗಿ ಹೋಗಿ ಮ್ಯಾನೇಜರರನ್ನು ಕಂಡು ಬಂದರು. ಉಳಿದವರ ಪರವಾಗಿ ಹೂಂರಾಯ ಸ್ಟೂಲಿನ ಮೇಲೆ ಕೂತು ಕೂತು, ಕೊನೆಗೆ ಅವರನ್ನು ಉಗ್ರಾಣದ ಕೆಲಸಕ್ಕೆ ಇಟ್ಟುಕೊಳ್ಳುವಂತೆ ಮಾಡಿದ. ಭಾವ ಅಲ್ಲಿಂದಲೇ ನಿವೃತ್ತರಾದರು.

ಈಗ ಭಾವ ಭಾನುವಾರ ತಪ್ಪದೆ ಬರುತ್ತಾರೆ. ಕಾರ್ಮಿಕರ ಹಕ್ಕುಗಳ ಬಗ್ಗೆ ಮೇಜು ಗುದ್ದಿ ಮಾತಾಡುತ್ತಾರೆ. ಗುದ್ದು ಮೊದಲಿನಷ್ಟೇ ಗಟ್ಟಿಯಾಗಿದೆ. ಹೂಂರಾಯ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುತ್ತಾನೆ. ತಟ್ಟೆಗಳನ್ನು ಇಟ್ಟಾದ ಮೇಲೆ ಹೆಂಡತಿ ಒಳಗಿನಿಂದ, "ಅಣ್ಣ, ಮಿಕ್ಕ ಅನ್ಯಾಯ ಊಟ ಆದ್ಮೇಲೆ ಹೇಳುವಂತೆ, ಏಳು" ಎನ್ನುತ್ತಾಳೆ. ಇಬ್ಬರೂ ಕೈ ತೊಳೆಯಲು ಏಳುತ್ತಾರೆ.